ಮೂರರಿಂದ ಆರರ ಮಗುವಿನ ರಂಪ ಮತ್ತು ಭಯ: ಮನೆಯಲ್ಲಿ ಎಲ್ಲಿಂದ ಶುರುಮಾಡಬೇಕು, ಯಾವ ಕ್ರಮದಲ್ಲಿ

ಬೆಳಗ್ಗೆ ಒಂಬತ್ತಕ್ಕೆ ಪ್ಲೇಹೋಮ್ ಗೇಟಿನ ಮುಂದೆ ಮೂರೂವರೆ ವರ್ಷದ ಮಗು ನೆಲಕ್ಕೆ ಬಿದ್ದು ಹೊರಳಾಡುತ್ತದೆ. ಆಯಾ ಎತ್ತಿಕೊಳ್ಳಲು ಬಂದರೆ ಅವರ ಕೈ ಕಚ್ಚುತ್ತದೆ. ಸಂಜೆ ದರ್ಶಿನಿಯಲ್ಲಿ ಕೈಯಿಂದ ಮೊಬೈಲ್ ತೆಗೆದುಕೊಂಡಾಗಲೂ ಅದೇ ಹೊರಳಾಟ, ಅದೇ ಕಿರುಚಾಟ. ನೋಡಿದವರಿಗೆ ಎರಡೂ 'ಹಠ'. ಆದರೆ ಬೆಳಗ್ಗೆ ಮಗು ಯಾವುದರಿಂದಲೋ ತಪ್ಪಿಸಿಕೊಳ್ಳಲು ಒದ್ದಾಡುತ್ತಿತ್ತು, ಸಂಜೆ ಏನನ್ನೋ ಪಡೆಯಲು. ಒಂದು ಭಯ, ಇನ್ನೊಂದು ಬೇಡಿಕೆ. ಎರಡಕ್ಕೂ ಒಂದೇ ಮದ್ದು ಹಾಕುವುದರಿಂದಲೇ ಅರ್ಧ ತೊಂದರೆ. ಹೆದರಿದ ಮಗುವನ್ನು ಶಿಸ್ತಿನಿಂದ ಗದರಿದರೆ ಭಯ ಹೆಚ್ಚುತ್ತದೆ. ಬೇಡಿಕೆಯ ರಂಪಕ್ಕೆ ಮುದ್ದು ಮಾಡಿ ಮೊಬೈಲ್ ವಾಪಸ್ ಕೊಟ್ಟರೆ ನಾಳೆಯ ರಂಪಕ್ಕೆ ಮುಂಗಡ ಕೊಟ್ಟಂತೆ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಬಹಳಷ್ಟು ಮನೆಗಳಲ್ಲಿ ನೇರವಾಗಿ ಶಿಕ್ಷೆಯ ಹಂತಕ್ಕೆ ಹಾರುತ್ತಾರೆ. ಅಲ್ಲಿಂದ ಶುರುಮಾಡಿದ್ದು ನಿಲ್ಲುವುದಿಲ್ಲ.

ಮೊದಲ ವಾರ: ಬರೆದಿಡಿ, ಏನನ್ನೂ ಬದಲಾಯಿಸಬೇಡಿ

ಒಂದು ಹಳೆಯ ನೋಟ್‌ಬುಕ್ ಸಾಕು. ಏಳು ದಿನ, ಪ್ರತಿ ರಂಪಕ್ಕೂ ಒಂದು ಸಾಲು. ಅದರಲ್ಲಿ ಹೊತ್ತು, ಜಾಗ, ಸ್ವಲ್ಪ ಮುಂಚೆ ಏನಾಯಿತು, ಮಗು ಏನು ಮಾಡಿತು, ಎಷ್ಟು ನಿಮಿಷ ನಡೆಯಿತು, ಆಮೇಲೆ ದೊಡ್ಡವರು ಏನು ಮಾಡಿದರು ಎಂಬುದಿರಬೇಕು. ಕೊನೆಯದನ್ನೇ ಎಲ್ಲರೂ ಬಿಟ್ಟುಬಿಡುತ್ತಾರೆ, ಕೀಲಿ ಇರುವುದು ಅಲ್ಲೇ. 'ತುಂಬಾ ಕೆಟ್ಟದಾಗಿ ಆಡಿತು' ಎಂದು ಬರೆದರೆ ಪ್ರಯೋಜನವಿಲ್ಲ. ಹೀಗಿರಲಿ:

"ಮಂಗಳವಾರ, ಸಂಜೆ 7:10, ಹಾಲ್. ಡೇಕೇರ್‌ನಿಂದ ಬಂದು 20 ನಿಮಿಷ ಆಗಿತ್ತು, ಏನೂ ತಿಂದಿರಲಿಲ್ಲ. ಮುಂಚೆ ಹೇಳದೆ ಟಿವಿ ಆರಿಸಿದೆ. ಕಿರುಚಿ ರಿಮೋಟ್ ಎಸೆದು, ಅಜ್ಜಿಗೆ ಎರಡು ಏಟು. 14 ನಿಮಿಷ. ಅಜ್ಜಿ ಮೊಬೈಲ್ ಕೊಟ್ಟರು, ತಕ್ಷಣ ನಿಂತಿತು."

ಈ ಒಂದು ಸಾಲಿನಲ್ಲೇ ಮೂರು ಕೆಲಸ ಕಾಣುತ್ತವೆ: ಹಸಿವು, ಮುನ್ಸೂಚನೆ ಇಲ್ಲದೆ ಟಿವಿ ನಿಂತದ್ದು, ಏಟಿಗೆ ಸಿಕ್ಕ ಮೊಬೈಲ್. ವಾರದ ಕೊನೆಗೆ ಕೂತು ಪ್ರತಿ ಸಾಲಿನ ಪಕ್ಕ ಗುರುತು ಹಾಕಿ: ಏನನ್ನೋ ಪಡೆಯಲು ಮಾಡಿದ ರಂಪಕ್ಕೆ 'ಬೇಕು', ತಪ್ಪಿಸಿಕೊಳ್ಳಲು ಮಾಡಿದ್ದಕ್ಕೆ 'ಬೇಡ'. ಬಟ್ಟೆ ಹಾಕುವಾಗ, ಅಪರಿಚಿತರು ಬಂದಾಗ, ಬಾಗಿಲ ಬಳಿ, ದೊಡ್ಡ ಸದ್ದಿಗೆ ಬರುವ ರಂಪಗಳಲ್ಲಿ ಹೆಚ್ಚಿನವು 'ಬೇಡ' ಗುಂಪಿಗೆ ಸೇರುತ್ತವೆ. ಆಮೇಲೆ ತಿದ್ದಬೇಕಾದ ನಡತೆ ಒಂದನ್ನು ಆರಿಸಿಕೊಳ್ಳಿ. ಕಚ್ಚುವುದು, ಹೊಡೆಯುವುದು ಇದ್ದರೆ ಅದೇ ಮೊದಲು. ಉಗುಳುವುದು, ಮೂಗು ಕೆರೆಯುವುದು, ಊಟದ ತಟ್ಟೆಯಲ್ಲಿ ಆಟ, ಇವೆಲ್ಲ ಕಾಯಬಹುದು.

ಮೈಯ ಕಾರಣಗಳನ್ನು ಮೊದಲು ತೆಗೆದುಹಾಕಿ

ಮಕ್ಕಳ ವೈದ್ಯರ ಬಳಿ ಒಮ್ಮೆ ಹೋಗಿ, ಈ ಐದನ್ನು ಹೆಸರು ಹಿಡಿದು ಕೇಳಿ: ರಕ್ತಹೀನತೆ, ಮಲಬದ್ಧತೆ, ಕಿವಿ ಮತ್ತು ಕೇಳುವ ಶಕ್ತಿ, ಗೊರಕೆ, ಜಂತುಹುಳು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 6ರಿಂದ 59 ತಿಂಗಳ ಮಕ್ಕಳಲ್ಲಿ ಶೇ. 67ರಷ್ಟು ಮಂದಿಗೆ ರಕ್ತಹೀನತೆ ಇದೆ. ಕಬ್ಬಿಣದ ಅಂಶ ಕಡಿಮೆಯಾದ ಮಗು ಸಣ್ಣದಕ್ಕೂ ಸಿಡುಕುತ್ತದೆ, ಸರಿಯಾಗಿ ನಿದ್ದೆ ಮಾಡುವುದಿಲ್ಲ. ಊಟ ಬೇಡವೆಂದಾಗಲೆಲ್ಲ ಹಾಲು ಕುಡಿಸುವ ಮನೆಗಳಲ್ಲಿ ಇದು ಸಾಮಾನ್ಯ. ದಿನಕ್ಕೆ ಅರ್ಧ ಲೀಟರ್ ದಾಟಿದ ಹಾಲು ಹೊಟ್ಟೆ ತುಂಬಿಸುತ್ತದೆ, ಕಬ್ಬಿಣ ಕೊಡುವುದಿಲ್ಲ. ಬಾಯಿ ತೆರೆದು ಗೊರಕೆ ಹೊಡೆಯುವ ಮಗುವಿಗೆ ಮೂಗಿನ ಹಿಂದಿನ ಅಡಿನಾಯ್ಡ್ ಎಂಬ ಗ್ರಂಥಿ ಊದಿರಬಹುದು. ಅಂಥ ಮಗು ಹತ್ತು ಗಂಟೆ ಮಲಗಿದರೂ ದಣಿದೇ ಏಳುತ್ತದೆ. ಕರೆದರೆ ತಿರುಗದ ಮಗುವನ್ನು 'ಮಾತು ಕೇಳಲ್ಲ' ಎನ್ನುವ ಮುಂಚೆ ಕಿವಿ ಪರೀಕ್ಷೆ ಆಗಲೇಬೇಕು.

ಇನ್ನು ನಿದ್ದೆ. ಮೂರು-ನಾಲ್ಕು ವರ್ಷದ ಮಗುವಿಗೆ ಹಗಲು ನಿದ್ದೆಯೂ ಸೇರಿ 10ರಿಂದ 13 ಗಂಟೆ ನಿದ್ದೆ, ಕೂತು ನೋಡುವ ಪರದೆ ದಿನಕ್ಕೆ 1 ಗಂಟೆಗಿಂತ ಹೆಚ್ಚಿಲ್ಲ, ಓಡಾಟ-ಆಟ 180 ನಿಮಿಷ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ ಹೇಳುತ್ತದೆ. ಈಗ ಬೆಂಗಳೂರಿನ ಲೆಕ್ಕ ಹಾಕಿ. ಅಪ್ಪ-ಅಮ್ಮ ಔಟರ್ ರಿಂಗ್ ರೋಡ್ ದಾಟಿ ಮನೆ ಸೇರುವುದು ಎಂಟಕ್ಕೆ, ಊಟ ಒಂಬತ್ತೂವರೆಗೆ, ಮಲಗುವುದು ಹನ್ನೊಂದಕ್ಕೆ, ವ್ಯಾನಿಗಾಗಿ ಏಳುವುದು ಆರೂವರೆಗೆ. ಏಳೂವರೆ ಗಂಟೆ ನಿದ್ದೆ. ಇಷ್ಟು ನಿದ್ದೆಗೆಟ್ಟರೆ ದೊಡ್ಡವರೂ ರಂಪ ಮಾಡುತ್ತಾರೆ. ಮಲಗುವ ಹೊತ್ತನ್ನು ಒಂದೇ ದಿನ ಎರಡು ಗಂಟೆ ಹಿಂದಕ್ಕೆ ತರಲು ಹೋಗಬೇಡಿ, ಮಗು ಕತ್ತಲಲ್ಲಿ ಎಚ್ಚರವಾಗಿ ಬಿದ್ದು ಹೊಸ ಭಯ ಕಲಿಯುತ್ತದೆ. ಮೂರು ದಿನಕ್ಕೊಮ್ಮೆ 15 ನಿಮಿಷ ಹಿಂದಕ್ಕೆ ತನ್ನಿ. ಮಗುವಿನ ಊಟ ಏಳಕ್ಕೇ ಮುಗಿಯಲಿ. ಅಪ್ಪ ಬಂದ ಮೇಲೆ ಒಟ್ಟಿಗೆ ಊಟ ಎಂಬುದು ಭಾನುವಾರಕ್ಕಿರಲಿ.

ದಿನಕ್ಕೆ ಐದು ನಿಮಿಷದ ಆಟ

ಇಡೀ ವಿಧಾನದ ಅಡಿಪಾಯ ಇದೇ, ಜನ ಹಾರಿಸಿಬಿಡುವುದೂ ಇದನ್ನೇ. 1970ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಶೀಲಾ ಐಬರ್ಗ್ ರೂಪಿಸಿದ ಪೇರೆಂಟ್-ಚೈಲ್ಡ್ ಇಂಟರಾಕ್ಷನ್ ಥೆರಪಿ, ಅಂದರೆ ಪಿಸಿಐಟಿ, ಎರಡರಿಂದ ಏಳು ವರ್ಷದ ಮಕ್ಕಳ ರಂಪಕ್ಕೆ ಚೆನ್ನಾಗಿ ಪರೀಕ್ಷೆಗೊಳಗಾದ ಚಿಕಿತ್ಸೆಗಳಲ್ಲೊಂದು. ಅದರ ಮೊದಲ ಭಾಗ ಪೂರ್ತಿ ಈ ಆಟವೇ. ಇದಿಲ್ಲದೆ ಆಜ್ಞೆಯ ಹಂತಕ್ಕೆ ಹೋದರೆ ಮಗುವಿಗೆ ನಿಮ್ಮ ಗಮನ ಸಿಗುವುದು ಬೈಗುಳದಲ್ಲಿ ಮಾತ್ರ. ಆಗ ಅದು ಬೈಗುಳವನ್ನೇ ದುಡಿದುಕೊಳ್ಳುತ್ತದೆ.

ದಿನಾ ಒಂದೇ ಹೊತ್ತು, ಒಬ್ಬ ದೊಡ್ಡವರು, ಒಂದು ಮಗು. ಟಿವಿ ಆಫ್, ಮೊಬೈಲ್ ಬೇರೆ ಕೋಣೆಯಲ್ಲಿ. ಮಗು ಬೆಳಗ್ಗೆ ರಂಪ ಮಾಡಿತ್ತೆಂದು ಆಟವನ್ನು ಕಿತ್ತುಕೊಳ್ಳಬೇಡಿ, ಇದು ಬಹುಮಾನವಲ್ಲ. ಬ್ಲಾಕ್ಸ್, ಚಪಾತಿ ಹಿಟ್ಟಿನ ಉಂಡೆ, ಬಣ್ಣದ ಕಡ್ಡಿ, ಅಡುಗೆಮನೆಯ ಸ್ಟೀಲ್ ಡಬ್ಬಿಗಳು ಆಗುತ್ತವೆ. ಚೆಂಡು, ಬ್ಯಾಟು, ಆಟಿಕೆ ಪಿಸ್ತೂಲು ಬೇಡ, ಏಟಿಗೆ ದಾರಿ. ಹಾವು-ಏಣಿಯಂಥ ನಿಯಮದ ಆಟವೂ ಬೇಡ, ಸೋಲು-ಗೆಲುವು ಬರುತ್ತದೆ.

ಮಾಡಬೇಕಾದ್ದು ಇಷ್ಟು: ಮಗು ಮಾಡುತ್ತಿರುವುದನ್ನು ಕ್ರಿಕೆಟ್ ಕಾಮೆಂಟರಿಯ ಹಾಗೆ ಹೇಳುವುದು, ಮಗು ಆಡಿದ ಮಾತನ್ನೇ ತಿರುಗಿ ಹೇಳುವುದು, ಮಗುವಿನ ಆಟವನ್ನೇ ನೀವೂ ಆಡುವುದು, ಒಳ್ಳೆಯದನ್ನು ಹೆಸರಿಟ್ಟು ಹೊಗಳುವುದು, ಮುಖದಲ್ಲಿ ಖುಷಿ ಕಾಣಿಸುವುದು. ಮಾಡಬಾರದ್ದು ಮೂರು: ಪ್ರಶ್ನೆ, ಆಜ್ಞೆ, ತಿದ್ದುಪಡಿ.

ಮಗು ದೊಡ್ಡ ಡಬ್ಬಿಯ ಮೇಲೆ ಚಿಕ್ಕದಿಟ್ಟಿತು ಎನ್ನಿ.
"ದೊಡ್ಡ ಡಬ್ಬಿ ಮೇಲೆ ಚಿಕ್ಕದಿಟ್ಟೆ."
"ಇದು ಮೆಟ್ರೋ!"
"ಓ, ಇದು ಮೆಟ್ರೋ."
ಮಗು ತಳ್ಳುತ್ತದೆ. ಅಮ್ಮ ತನ್ನದೊಂದು ಡಬ್ಬಿ ತಳ್ಳುತ್ತಾಳೆ. "ನಂದೂ ಮೆಟ್ರೋ, ನಿನ್ ಹಿಂದೇನೇ ಬರ್ತಿದೆ."
ಮಗು ಒಂದು ಮುಚ್ಚಳ ಚಾಚುತ್ತದೆ.
"ನಂಗೂ ಒಂದು ಮುಚ್ಚಳ ಕೊಟ್ಟೆ. ಹಂಚ್ಕೊಂಡೆಯಲ್ಲ, ನಂಗೆ ತುಂಬಾ ಖುಷಿಯಾಯ್ತು ಕಂದಾ."

ಇದೇ ಆಟ ಹೇಗೆ ಕೆಡುತ್ತದೆ ನೋಡಿ. "ಏನಿದು? ಯಾವ ಬಣ್ಣ? ಎಷ್ಟಿದೆ ಎಣ್ಸು ನೋಡೋಣ. ಹಾಗಲ್ಲ, ಹೀಗಿಡು." ಇದು ಆಟವಲ್ಲ, ಪರೀಕ್ಷೆ. ತಲೆಯಲ್ಲಿ ಎಲ್‌ಕೆಜಿ ಅಡ್ಮಿಷನ್ ಕೂತಿದ್ದರೆ ಬಾಯಿ ಸುಮ್ಮನಿರುವುದಿಲ್ಲ.

ಕನ್ನಡದಲ್ಲಿ ಪ್ರಶ್ನೆ ಕಳ್ಳನ ಹಾಗೆ ನುಸುಳುತ್ತದೆ. "ಕೆಂಪು ಇಟ್ಟೆ" ವಿವರಣೆ, "ಕೆಂಪು ಇಟ್ಟೆಯಾ" ಪ್ರಶ್ನೆ. ಕೊನೆಗೆ "ಅಲ್ವಾ?" ಸೇರಿಸಿದರೂ ಪ್ರಶ್ನೆಯೇ. "ಇಲ್ಲಿಡೋಣ್ವಾ" ಎಂಬುದು ಪ್ರಶ್ನೆಯ ವೇಷದ ಆಜ್ಞೆ. ಒಂದು ದಿನ ಐದು ನಿಮಿಷ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಆಮೇಲೆ ಕೇಳಿ ಎಣಿಸಿ. ಪಿಸಿಐಟಿಯಲ್ಲಿ ಗುರಿ ಹೀಗಿದೆ: ಐದು ನಿಮಿಷದಲ್ಲಿ ಹೆಸರಿಟ್ಟ ಹೊಗಳಿಕೆ 10, ವಿವರಣೆ 10, ತಿರುಗಿ ಹೇಳುವುದು 10, ಪ್ರಶ್ನೆ-ಆಜ್ಞೆ-ಟೀಕೆ ಮೂರೂ ಸೇರಿ 3ಕ್ಕಿಂತ ಹೆಚ್ಚಿಲ್ಲ. ಮೊದಲ ಎಣಿಕೆಯಲ್ಲಿ ಪ್ರಶ್ನೆಗಳೇ ಇಪ್ಪತ್ತು ದಾಟಿದರೆ ಗಾಬರಿ ಬೇಡ.

ಹೊಗಳಿಕೆಯ ಬಗ್ಗೆ ಮನೆಯ ಹಿರಿಯರಿಗೆ ಅಳುಕಿರುತ್ತದೆ, ಎದುರಿಗೇ ಹೊಗಳಿದರೆ ದೃಷ್ಟಿ ಆಗುತ್ತದೆ, ತಲೆಯ ಮೇಲೆ ಕೂರುತ್ತದೆ ಎಂದು. ದೃಷ್ಟಿ ತೆಗೆಯುವವರು ತೆಗೆಯಲಿ, ಅಡ್ಡಿಯಿಲ್ಲ. ಹೊಗಳುವುದು ಮಗುವನ್ನಲ್ಲ, ಅದು ಮಾಡಿದ ಕೆಲಸವನ್ನು ಎಂದು ಹೇಳಿದರೆ ಹೆಚ್ಚಿನ ಅಜ್ಜಿಯರು ಒಪ್ಪುತ್ತಾರೆ. "ಜಾಣಮರಿ" ಎಂದರೆ ಮಗುವಿಗೆ ಏನು ಮಾಡಿದ್ದಕ್ಕೆಂದು ತಿಳಿಯುವುದಿಲ್ಲ. "ಅಜ್ಜಿ ಮಾತಾಡ್ತಿದ್ದಾಗ ಕಾಯ್ತಿದ್ದೆ" ಎಂದರೆ ತಿಳಿಯುತ್ತದೆ.

ಎರಡು-ಮೂರು ವಾರ ಇದೊಂದನ್ನೇ ಮಾಡಿ. ಆಟವಾಡುವಾಗ ಹೊಡೆದರೆ, "ಹೊಡೆದೆ, ಇವತ್ತಿನ ಆಟ ಮುಗೀತು, ನಾಳೆ ಆಡೋಣ" ಎಂದು ಎದ್ದುಬಿಡಿ. ಉಪನ್ಯಾಸ ಬೇಡ.

ಮಾತು ನಡೆಯುವಂತೆ ಮಾತಾಡುವುದು

"ಹಲ್ಲುಜ್ಜಕ್ಕೆ ಬರ್ತೀಯಾ ಪುಟ್ಟಾ?" ಎಂದು ಕೇಳಿದರೆ "ಬರಲ್ಲ" ಎಂಬುದು ನ್ಯಾಯವಾದ ಉತ್ತರ. ಕೇಳಿದ್ದು ನೀವೇ. ಆಯ್ಕೆ ಇಲ್ಲದ ಕಡೆ ಪ್ರಶ್ನೆ ಕೇಳಬೇಡಿ. ಅಡುಗೆಮನೆಯಿಂದ ಕೂಗದೆ ಹತ್ತಿರ ಹೋಗಿ, ಮಗುವಿನ ಕಣ್ಣಿನ ಎತ್ತರಕ್ಕೆ ಬಗ್ಗಿ, ಸಾಧಾರಣ ದನಿಯಲ್ಲಿ ಒಂದೇ ಕೆಲಸ ಹೇಳಿ. ಏನು ಮಾಡಬಾರದು ಎನ್ನುವ ಬದಲು ಏನು ಮಾಡಬೇಕೆಂದು ಹೇಳಿ. "ಓಡ್ಬೇಡ" ಅಲ್ಲ, "ನನ್ ಕೈ ಹಿಡ್ಕೊ." "ಎಲ್ಲಾ ಎತ್ತಿಡು" ಅಲ್ಲ, "ಈ ಕಾರನ್ನ ಬುಟ್ಟಿಗೆ ಹಾಕು."

ಹೇಳಿದ ಮೇಲೆ ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಈ ಐದು ಸೆಕೆಂಡ್ ಬಾಯಿ ಮುಚ್ಚಿಕೊಂಡಿರುವುದೇ ದೊಡ್ಡ ತಪಸ್ಸು. ಮಾಡಿದರೆ ಆ ಕ್ಷಣವೇ ಹೊಗಳಿ, "ಹೇಳಿದ ತಕ್ಷಣ ಬುಟ್ಟಿಗೆ ಹಾಕಿದೆ." ಮಾಡದಿದ್ದರೆ ಒಂದೇ ಸಲ ಎಚ್ಚರಿಕೆ: "ಬುಟ್ಟಿಗೆ ಹಾಕಿಲ್ಲಾಂದ್ರೆ ಕಾರು ಐದು ನಿಮಿಷ ಬೀರು ಮೇಲೆ ಹೋಗತ್ತೆ." ಮತ್ತೆ ಐದು ಎಣಿಸಿ. ಆಗಲೂ ಇಲ್ಲವೆಂದರೆ ಹೇಳಿದ್ದನ್ನು ಮಾಡಿ. ಐದು ನಿಮಿಷ ಕಳೆದ ಮೇಲೆ ಕಾರನ್ನು ಕೊಟ್ಟು, ಇನ್ನೊಂದು ಸಲ ಅದೇ ಕೆಲಸ ಹೇಳಿ. ಬೆದರಿಕೆಗೆ ಊಟ, ಅಮ್ಮನ ಪ್ರೀತಿ, ಗುಮ್ಮ, ಪೊಲೀಸ್, ಇಂಜೆಕ್ಷನ್ ಡಾಕ್ಟರ್ ಇವರ್ಯಾರನ್ನೂ ಕರೆಯಬೇಡಿ. ಅಂಜುವ ಮಗುವಿಗೆ ಗುಮ್ಮ ರಾತ್ರಿಯೂ ಬರುತ್ತಾನೆ, ಕ್ಲಿನಿಕ್ಕಿಗೆ ಕರೆದೊಯ್ಯುವ ದಿನ ಡಾಕ್ಟರ್ ಸಾಲ ವಸೂಲಿ ಮಾಡುತ್ತಾರೆ.

ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗುವಾಗಲೇ ಹೆಚ್ಚು ಜಗಳ. "ಇನ್ನೈದು ನಿಮಿಷ" ಎಂಬುದು ಈ ವಯಸ್ಸಿಗೆ ಅರ್ಥವಾಗುವುದಿಲ್ಲ. "ಇನ್ನೆರಡು ಸಲ ಜಾರುಬಂಡೆ, ಆಮೇಲೆ ಚಪ್ಪಲಿ" ಎಂದರೆ ಅರ್ಥವಾಗುತ್ತದೆ. ಟಿವಿಗೆ, "ಈ ಎಪಿಸೋಡ್ ಮುಗಿದ್ಮೇಲೆ ನೀನೇ ಬಟನ್ ಒತ್ತು." ತಾನೇ ಆರಿಸಿದ ಮಗು ಕಡಿಮೆ ಕೂಗುತ್ತದೆ.

ರಂಪ ಶುರುವಾದ ಮೇಲೆ

ಬೇಡಿಕೆಯ ರಂಪ, ಯಾರಿಗೂ ಪೆಟ್ಟಿಲ್ಲ ಎಂದಾದರೆ ಮುಖ ತಿರುಗಿಸಿ, ಮಾತು ನಿಲ್ಲಿಸಿ, ಕೈಯಲ್ಲಿ ಸೊಪ್ಪು ಬಿಡಿಸುವಂಥ ಕೆಲಸ ಹಿಡಿದುಕೊಳ್ಳಿ. ಅದೇ ಕೋಣೆಯಲ್ಲೇ ಇರಿ. ದನಿ ಒಂದಿಷ್ಟು ತಗ್ಗಿದ ಕ್ಷಣ ತಿರುಗಿ ಮಾತಾಡಿಸಿ. ಇದನ್ನು ಶುರುಮಾಡಿದ ಮೊದಲ ದಿನಗಳಲ್ಲಿ ರಂಪ ಕಡಿಮೆಯಾಗುವುದಿಲ್ಲ, ಜೋರಾಗುತ್ತದೆ. ಹತ್ತು ನಿಮಿಷದ್ದು ಇಪ್ಪತ್ತೈದಕ್ಕೆ ಹೋಗಬಹುದು. ಲಿಫ್ಟ್ ಬಾರದಿದ್ದರೆ ನಾವು ಬಟನ್ನನ್ನು ಇನ್ನೂ ಜೋರಾಗಿ ಒತ್ತುತ್ತೇವಲ್ಲ, ಹಾಗೆ. ವಿಧಾನ ಸೋಲುವುದು ಇಲ್ಲೇ. ಇಪ್ಪತ್ತನೇ ನಿಮಿಷಕ್ಕೆ ಮನೆಯಲ್ಲಿ ಒಬ್ಬರು "ಅಯ್ಯೋ ಪಾಪ, ಕೊಟ್ಬಿಡಮ್ಮಾ" ಎಂದು ಕೊಟ್ಟರೆ ಮಗು ಕಲಿಯುವ ಪಾಠ ಒಂದೇ: ಇಪ್ಪತ್ತು ನಿಮಿಷ ಕೂಗಬೇಕು. ಆದ್ದರಿಂದ ಶುರುಮಾಡುವ ಮುಂಚೆ ತಾತ, ಅಜ್ಜಿ, ಕೆಲಸಕ್ಕೆ ಬರುವವರು ಎಲ್ಲರನ್ನೂ ಕೂರಿಸಿಕೊಂಡು ಒಂದು ಹಾಳೆಯಲ್ಲಿ ಮೂರೇ ಸಾಲು ಬರೆದು ಫ್ರಿಜ್ಜಿಗೆ ಅಂಟಿಸಿ: ಯಾವುದಕ್ಕೆ ಸುಮ್ಮನಿರುತ್ತೇವೆ, ಯಾವುದನ್ನು ತಡೆಯುತ್ತೇವೆ, ಆ ಹೊತ್ತಿನಲ್ಲಿ ಯಾರು ಮಾತಾಡುತ್ತಾರೆ. ಕೊನೆಗೂ ಕೊಡುವ ವಸ್ತುವಾದರೆ ಮೊದಲ ನಿಮಿಷದಲ್ಲೇ ಕೊಟ್ಟುಬಿಡಿ, ಅದೇ ವಾಸಿ.

ನಂಟರ ಮದುವೆಗೆ ಎರಡು ದಿನ ಇರುವಾಗ, ಪಕ್ಕದ ಫ್ಲಾಟಿನಲ್ಲಿ ಪರೀಕ್ಷೆಗೆ ಓದುವ ಮಕ್ಕಳಿರುವಾಗ ಇದನ್ನು ಶುರುಮಾಡಬೇಡಿ, ಮಧ್ಯದಲ್ಲಿ ಕೈಬಿಡಬೇಕಾಗುತ್ತದೆ.

ಹೊಡೆತ, ಕಡಿತ, ರಸ್ತೆಗೆ ಓಡುವುದನ್ನು ಕಂಡೂ ಕಾಣದಂತೆ ಇರಬಾರದು. ಕೈ ಹಿಡಿದು ತಡೆಯಿರಿ, "ಹೊಡೆಯೋ ಹಾಗಿಲ್ಲ" ಎಂಬ ಎರಡು ಪದ ಸಾಕು. ಮೂರು ವರ್ಷ ದಾಟಿದ ಮಗುವಿಗೆ ಟೈಮ್-ಔಟ್, ಅಂದರೆ ಯಾರ ಗಮನವೂ ಸಿಗದಂತೆ ಸ್ವಲ್ಪ ಹೊತ್ತು ಒಂದೆಡೆ ಕೂರಿಸುವುದನ್ನು, ಬಳಸುವುದಾದರೆ ಮೂರು ನಿಮಿಷ, ನಿಮ್ಮ ಕಣ್ಣೆದುರೇ, ಒಂದು ಕುರ್ಚಿಯಲ್ಲಿ. ಕೊನೆಯ ಐದು ಸೆಕೆಂಡ್ ಸದ್ದಿಲ್ಲದಿದ್ದರೆ ಎಬ್ಬಿಸಿ. ಬಾತ್‌ರೂಮಿಗೆ ಹಾಕಿ ಚಿಲಕ ಹಾಕುವುದು, ಲೈಟ್ ಆರಿಸುವುದು, ಬಾಲ್ಕನಿಗೆ ನೂಕುವುದು ಟೈಮ್-ಔಟ್ ಅಲ್ಲ. ಮತ್ತೆ, 'ಬೇಡ' ಗುರುತಿನ ರಂಪಕ್ಕೆ ಟೈಮ್-ಔಟ್ ಹಾಕಲೇಬೇಡಿ. ಶಾಲೆಗೆ ಹೆದರುವ ಮಗುವನ್ನು ಶೂ ಹಾಕುವ ಹೊತ್ತಿಗೆ ಮೂಲೆಯಲ್ಲಿ ಕೂರಿಸಿದರೆ ಅದಕ್ಕೆ ಬೇಕಾದದ್ದೇ ಸಿಕ್ಕಿತು.

ಕೂಗಾಟ ತುತ್ತತುದಿಯಲ್ಲಿದ್ದಾಗ ಬುದ್ಧಿ ಹೇಳುವುದು ಮಳೆಯಲ್ಲಿ ಹಪ್ಪಳ ಒಣಗಿಸಿದಂತೆ. ಉಸಿರಾಟದ ಅಭ್ಯಾಸ ಮಾಡಿಸಬೇಕಾದ್ದು ಮಗು ಖುಷಿಯಾಗಿರುವಾಗ: ಬಿಸಿ ಇಡ್ಲಿಯನ್ನು ಊದುವಂತೆ ಮೂಗಿನಿಂದ ಎಳೆದು ಬಾಯಿಂದ ನಿಧಾನ ಊದುವುದು, ನಾಲ್ಕು ಸಲ, ದಿನಕ್ಕೆರಡು ಹೊತ್ತು. ಎರಡು ವಾರ ಆಟವಾಗಿ ಆಡಿದ ಮೇಲಷ್ಟೇ ಕಷ್ಟದ ಹೊತ್ತಿನಲ್ಲಿ ನೆನಪಿಗೆ ಬರುತ್ತದೆ.

ಭಯಕ್ಕೆ ಮೆಟ್ಟಿಲು

ಭಯದ ವಿಷಯದಲ್ಲಿ ಮನೆಯವರು ಪ್ರೀತಿಯಿಂದಲೇ ಎಡವುತ್ತಾರೆ. ಮಗು ಮಿಕ್ಸಿ ಸದ್ದಿಗೆ ಕಿರುಚುತ್ತದೆಂದು ಚಟ್ನಿಯನ್ನು ಮಗು ಪಾರ್ಕಿಗೆ ಹೋದಾಗ ರುಬ್ಬುವುದು. ಯಾರಾದರೂ ಹೆಸರು ಕೇಳಿದರೆ ಮಗುವಿನ ಬದಲು ತಾವೇ ಹೇಳಿಬಿಡುವುದು. ಆ ಹೊತ್ತಿಗೆ ಸಮಾಧಾನ, ಆದರೆ 'ಇದು ನಿಜಕ್ಕೂ ಅಪಾಯ, ಅದಕ್ಕೇ ಅಮ್ಮ ತಪ್ಪಿಸಿದಳು' ಎಂದು ಮಗು ಓದಿಕೊಳ್ಳುತ್ತದೆ. ಇದರ ಎದುರು ತುದಿ ಇನ್ನೂ ಕೆಟ್ಟದ್ದು: "ಪುಕ್ಕಲ, ಮಿಕ್ಸಿಗೆಲ್ಲ ಯಾರಾದ್ರೂ ಹೆದರ್ತಾರಾ" ಎಂದು ಹಿಡಿದು ನಿಲ್ಲಿಸುವುದು.

ಹೇಳಬೇಕಾದ ಮಾತಿಗೆ ಎರಡು ಭಾಗ: "ನಿಂಗೆ ಭಯ ಆಗ್ತಿದೆ ಅಂತ ಗೊತ್ತು. ನಿಂಗೆ ತಡ್ಕೊಳಕ್ಕೂ ಆಗತ್ತೆ ಅಂತ ಗೊತ್ತು." "ಏನೂ ಆಗಲ್ಲ, ಏನೂ ಆಗಲ್ಲ" ಎಂದು ಹತ್ತು ಸಲ ಹೇಳಿದರೆ ಏನೋ ಆಗುವುದಿದೆ ಎಂದೇ ಕೇಳಿಸುತ್ತದೆ.

ಮಿಕ್ಸಿಯನ್ನೇ ತೆಗೆದುಕೊಂಡರೆ ಮೆಟ್ಟಿಲುಗಳು ಹೀಗೆ:
1. ಪ್ಲಗ್ ತೆಗೆದ ಮಿಕ್ಸಿಯ ಪಕ್ಕ ಕೂತು ಜಾರಿನ ಮುಚ್ಚಳವನ್ನು ಮಗುವೇ ಹಾಕಿ ತೆಗೆಯುವುದು. ಜಾರಿನ ಒಳಗೆ ಕೈ ಹಾಕಲು ಬಿಡಬೇಡಿ, ಬ್ಲೇಡ್ ಇದೆ.
2. ಇಬ್ಬರೂ ಬಾಯಲ್ಲಿ 'ಗುರ್ರ್' ಎನ್ನುವುದು. ಮಗು ಕೈ ಎತ್ತಿದಾಗ ಶುರು, ಇಳಿಸಿದಾಗ ನಿಲ್ಲಿಸುವುದು.
3. ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ ಸದ್ದು, ಸಣ್ಣ ವಾಲ್ಯೂಮ್, ಬಟನ್ ಮಗುವಿನ ಕೈಯಲ್ಲಿ.
4. ಮಗು ಅಪ್ಪನ ಜೊತೆ ರೂಮಿನಲ್ಲಿ, ಬಾಗಿಲು ಮುಚ್ಚಿ, ನಿಜವಾದ ಮಿಕ್ಸಿ ಎರಡು ಸೆಕೆಂಡ್.
5. ಬಾಗಿಲು ತೆರೆದು ಐದು ಸೆಕೆಂಡ್.
6. ಅಡುಗೆಮನೆ ಹೊಸ್ತಿಲಲ್ಲಿ ನಿಂತು ಮಗುವೇ "ಒಂದು, ಎರಡು, ಮೂರು" ಎಂದ ಮೇಲೆ ಹತ್ತು ಸೆಕೆಂಡ್.
7. ನಿಮ್ಮ ಪಕ್ಕ ನಿಂತು, ಸ್ವಿಚ್ಚಿನ ಮೇಲಿನ ನಿಮ್ಮ ಕೈ ಮೇಲೆ ಮಗುವಿನ ಕೈ, ಚಟ್ನಿ ಆಗುವವರೆಗೆ.

ಪ್ರತಿ ಮೆಟ್ಟಿಲನ್ನೂ ದಿನಕ್ಕೆ ಮೂರು-ನಾಲ್ಕು ಸಲ ಮಾಡಿ. ನಗುವ ಮುಖ, ಸಪ್ಪೆ ಮುಖ, ಅಳುವ ಮುಖ ಬರೆದ ಚೀಟಿಯಲ್ಲಿ ಮಗು ಬೆರಳಿಟ್ಟು ತೋರಿಸಲಿ. ಅಳುವ ಮುಖ ಸಪ್ಪೆ ಮುಖವಾಗುವವರೆಗೆ ಮೇಲಿನ ಮೆಟ್ಟಿಲಿಗೆ ಹೋಗಬೇಡಿ. ಪ್ರತಿ ಪ್ರಯತ್ನಕ್ಕೂ ಆ ಕ್ಷಣದಲ್ಲೇ ಒಂದು ಸ್ಟಿಕ್ಕರ್, ಹೆದರಿದರೂ ಸರಿ. ಬಹುಮಾನ ಧೈರ್ಯಕ್ಕೆ, ಭಯ ಹೋದದ್ದಕ್ಕಲ್ಲ. ಮೆಟ್ಟಿಲು ಸೋಲಲು ಎರಡೇ ಕಾರಣ: ಭಯ ತುದಿಯಲ್ಲಿದ್ದಾಗಲೇ ಮಗುವನ್ನು ಎತ್ತಿಕೊಂಡು ಹೊರಗೋಡುವುದು, ಇಲ್ಲವೇ ಹೇಳದೆ ತಟ್ಟನೆ ಸ್ವಿಚ್ ಹಾಕುವುದು. ಒಮ್ಮೆ ಮೋಸ ಮಾಡಿದರೆ ಒಂದನೇ ಮೆಟ್ಟಿಲಿಗಿಂತ ಕೆಳಗಿನಿಂದ ಶುರುಮಾಡಬೇಕಾದೀತು. ಕುಕ್ಕರ್ ವಿಶಲ್, ಕಟಿಂಗ್ ಶಾಪ್, ನಾಯಿ, ದೀಪಾವಳಿ ಪಟಾಕಿ ಎಲ್ಲಕ್ಕೂ ಇದೇ ಲೆಕ್ಕ. ಪಟಾಕಿಯ ಮೆಟ್ಟಿಲನ್ನು ಹಬ್ಬಕ್ಕೆ ಒಂದು ತಿಂಗಳು ಮುಂಚೆ ಹಿಡಿಯಿರಿ, ಹಬ್ಬದ ದಿನವಲ್ಲ.

ಶಾಲೆಯ ಗೇಟು

ಜೂನ್ ಮೊದಲ ವಾರಗಳಲ್ಲಿ ಅಳು ಸಹಜ. ದಸರಾ ರಜೆ ಮುಗಿದ ಮೇಲೆ, ಸೋಮವಾರಗಳಲ್ಲಿ ಮತ್ತೆ ಒಂದಿಷ್ಟು ಬರುತ್ತದೆ. ಅನೇಕ ಕಡೆ ಸಿಗುವ ಸಲಹೆ, "ಮಗು ಆಟ ನೋಡ್ತಿರುವಾಗ ಕಣ್ಣು ತಪ್ಪಿಸಿ ಹೋಗ್ಬಿಡಿ." ದಯವಿಟ್ಟು ಬೇಡ. ಅಂದು ಅಳು ಕಡಿಮೆ ಕಾಣುತ್ತದೆ, ಮರುದಿನದಿಂದ ಮಗು ಮನೆಯಲ್ಲೂ ಬಾತ್‌ರೂಮಿನ ಬಾಗಿಲವರೆಗೆ ಸೆರಗು ಹಿಡಿದೇ ಬರುತ್ತದೆ. ಅಮ್ಮ ಯಾವ ಕ್ಷಣದಲ್ಲಾದರೂ ಮಾಯವಾಗಬಹುದು ಎಂದು ಅದಕ್ಕೆ ಸಾಬೀತಾಗಿದೆ.

ಬೀಳ್ಕೊಡುವುದು ಅರ್ಧ ನಿಮಿಷದಲ್ಲಿ ಮುಗಿಯಲಿ, ದಿನಾ ಒಂದೇ ರೀತಿ ಇರಲಿ: ಒಂದು ಅಪ್ಪುಗೆ, ಅಂಗೈಗೆ ಒಂದು ಮುತ್ತು, "ಊಟ ಆಗಿ, ನಿದ್ದೆ ಆಗಿ, ಹಾಲು ಕುಡಿದ ಮೇಲೆ ಬರ್ತೀನಿ." ಮೂರು ಗಂಟೆಗೆ ಎಂದರೆ ಮಗುವಿಗೆ ತಿಳಿಯುವುದಿಲ್ಲ. ಹೇಳಿದ ಹೊತ್ತಿಗೆ ಬನ್ನಿ. ಸಿಲ್ಕ್ ಬೋರ್ಡ್ ಜಂಕ್ಷನ್‌ನ ಟ್ರಾಫಿಕ್ಕನ್ನು ನಂಬಿ ಮಾತು ಕೊಡಬೇಡಿ, ಅಜ್ಜಿ ಬರುವುದಿದ್ದರೆ ಅಜ್ಜಿ ಎಂದೇ ಹೇಳಿ. ಮಿಸ್ ಬಾಗಿಲಲ್ಲೇ ಕೈಗೆ ಒಂದು ಕೆಲಸ ಕೊಡಲಿ, ಹಾಜರಿ ಪುಸ್ತಕ ಒಯ್ಯುವುದೋ, ಗಿಡಕ್ಕೆ ನೀರು ಹಾಕುವುದೋ. ಹೊರಟ ಮೇಲೆ ಕಿಟಕಿಯಿಂದ ಇಣುಕಬೇಡಿ. ತೀರಾ ಕಷ್ಟವಾದರೆ ಅರ್ಧ ದಿನ ಕಳಿಸಿ, ಪೂರ್ತಿ ರಜೆ ಬೇಡ. ಮನೆಯಲ್ಲಿ ಕಳೆದ ಪ್ರತಿ ದಿನವೂ ಗೇಟನ್ನು ಒಂದಡಿ ಎತ್ತರಿಸುತ್ತದೆ.

ಮನೆಯಲ್ಲಿ ಮಾತಿನ ಮಲ್ಲಿ, ಶಾಲೆಯಲ್ಲಿ ಮೌನ

ಬೆಂಗಳೂರಿನಂಥ ಊರಿನಲ್ಲಿ ಇದನ್ನು ಬಿಡಿಸಿ ನೋಡಬೇಕು. ಮನೆಯಲ್ಲಿ ಕನ್ನಡ, ಫ್ಲಾಟಿನ ಗೆಳೆಯರ ಜೊತೆ ಹಿಂದಿ, ಕ್ಲಾಸಿನಲ್ಲಿ ಇಂಗ್ಲಿಷ್. ಹೊಸ ಭಾಷೆಯ ಮಗು ಕೆಲವು ತಿಂಗಳು ಸುಮ್ಮನೆ ಕೇಳಿಸಿಕೊಳ್ಳುತ್ತದೆ, ಅದು ರೋಗವಲ್ಲ. ನೋಡಬೇಕಾದ್ದು, ಕನ್ನಡ ಮಾತಾಡುವ ಆಯಾ ಜೊತೆಗೂ ಬಾಯಿ ಬಿಡುವುದಿಲ್ಲವೇ? ಕನ್ನಡದ್ದೇ ನಂಟರ ಮನೆಯಲ್ಲೂ ಮೈ ಬಿಗಿಯಾಗಿ, ಮುಖ ಕಲ್ಲಾಗುತ್ತದೆಯೇ? ಶಾಲೆ ಶುರುವಾದ ಮೊದಲ ತಿಂಗಳನ್ನು ಬಿಟ್ಟು ಒಂದು ತಿಂಗಳಿಗಿಂತ ಹೆಚ್ಚು ಹೀಗಿದ್ದರೆ ಅದು ಸೆಲೆಕ್ಟಿವ್ ಮ್ಯೂಟಿಸಂ, ಅಂದರೆ ಕೆಲವು ಕಡೆ ಮಾತ್ರ ಮಾತು ಹೊರಡದಿರುವ ತೊಂದರೆ, ಇರಬಹುದು. ಅದು ಆತಂಕದ ಒಂದು ರೂಪ, ಮೊಂಡುತನವಲ್ಲ. ತಜ್ಞರಿಗೆ ತೋರಿಸಿ.

ಜೊತೆಗೆ, ಶಾಲೆ ತೆರೆಯುವ 15 ನಿಮಿಷ ಮುಂಚೆ ಖಾಲಿ ಕ್ಲಾಸಿನಲ್ಲಿ ಅಮ್ಮ-ಮಗು ಆಡಲಿ. ಮಗುವಿನ ದನಿ ಎದ್ದ ಮೇಲೆ ಮಿಸ್ ಬಾಗಿಲಲ್ಲಿ ನಿಲ್ಲಲಿ, ಕೆಲವು ದಿನ ಬಿಟ್ಟು ದೂರದ ಬೆಂಚಿನಲ್ಲಿ ಕೂರಲಿ, ಆಮೇಲೆ ಆಟದ ಪಕ್ಕ. ಮಿಸ್ ಮೊದಲು ಬರೀ ವಿವರಿಸಲಿ, ಮತ್ತೆ "ಕೆಂಪಾ, ನೀಲಿನಾ?" ಎಂಬಂಥ ಆಯ್ಕೆಯ ಪ್ರಶ್ನೆ ಕೇಳಿ ಐದು ಸೆಕೆಂಡ್ ಕಾಯಲಿ. ಹೌದು-ಇಲ್ಲ ಪ್ರಶ್ನೆಗೆ ತಲೆಯಾಡಿಸಿ ತಪ್ಪಿಸಿಕೊಳ್ಳಬಹುದು. ಮಾತು ಬಂದ ದಿನ ಇಡೀ ಕ್ಲಾಸಿಂದ ಚಪ್ಪಾಳೆ ಹೊಡೆಸಿದರೆ ಮತ್ತೆ ಬಾಯಿ ಮುಚ್ಚುತ್ತದೆ.

ಯಾವಾಗ, ಯಾರ ಬಳಿ

ಆರರಿಂದ ಎಂಟು ವಾರ ಬಿಡದೆ ಮಾಡಿದ ಮೇಲೂ ನೋಟ್‌ಬುಕ್ಕಿನ ಲೆಕ್ಕ ಇಳಿಯದಿದ್ದರೆ ಸಹಾಯ ಪಡೆಯಿರಿ. ಕಾಯದೆ ಹೋಗಬೇಕಾದ್ದು: ಮಗು ತನಗೇ ಗಾಯ ಮಾಡಿಕೊಳ್ಳುವುದು, ಪ್ರಾಣಿ ಅಥವಾ ಪುಟ್ಟ ಕೂಸಿಗೆ ಹಿಂಸೆ, ಕಲಿತ ಮಾತನ್ನೋ ಶೌಚದ ಅಭ್ಯಾಸವನ್ನೋ ಕಳೆದುಕೊಳ್ಳುವುದು, ಹೆಸರಿಗೆ ತಿರುಗದಿರುವುದು, ತೂಕ ಇಳಿಯುವುದು, ಒಂದು ವ್ಯಕ್ತಿ ಅಥವಾ ಜಾಗದ ಬಗ್ಗೆ ಇದ್ದಕ್ಕಿದ್ದಂತೆ ಹುಟ್ಟಿದ ಭಯ. ಕೊನೆಯದನ್ನು 'ಹಠ' ಎಂದು ತಳ್ಳಿಹಾಕಲೇಬೇಡಿ, ಮಗುವಿಗೆ ಯಾರಾದರೂ ತೊಂದರೆ ಕೊಟ್ಟಿರಬಹುದು. ಹಾಗೆ ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098.

ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯ ವಿಭಾಗವಿದೆ. ಹತ್ತಿರದಲ್ಲೇ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ದೈಹಿಕ ತಪಾಸಣೆಗೆ ಅನುಕೂಲ. ಮಗು ಅಂಗನವಾಡಿಗೆ ಹೋಗುತ್ತಿದ್ದರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಲ್ಲಿಗೇ ಬಂದು ಬೆಳವಣಿಗೆ ನೋಡುತ್ತದೆ, ಅವರ ಮುಂದೆ ನೋಟ್‌ಬುಕ್ ತೆರೆಯಿರಿ. ಯಾರ ಬಳಿ ಹೋಗಬೇಕೆಂದು ತಿಳಿಯದಿದ್ದರೆ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. 2022ರಲ್ಲಿ ಶುರುವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, ದಿನದ 24 ಗಂಟೆ, ಕನ್ನಡದಲ್ಲಿ ಮಾತಾಡಬಹುದು, ಶುಲ್ಕವಿಲ್ಲ. ನಿಮ್ಮ ರಂಪಕ್ಕೂ ಅದೇ ನಂಬರ್. ಮಗುವಿನ ಮೇಲೆ ಕೈಯೆತ್ತುವ ಮಟ್ಟಕ್ಕೆ ಬಂದ ರಾತ್ರಿ ಮೊದಲ ಕರೆ ನಿಮಗಾಗಿ ಇರಲಿ.

ಖಾಸಗಿ ಥೆರಪಿ ಕೇಂದ್ರಕ್ಕೆ ಹೋಗುವುದಾದರೆ ಮೊದಲ ದಿನವೇ ಮೂರು ಪ್ರಶ್ನೆ. ಕ್ಲಿನಿಕಲ್ ಸೈಕಾಲಜಿಸ್ಟ್ ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾದಲ್ಲಿ ನೋಂದಣಿ ಆಗಿದ್ದಾರೆಯೇ? ಪೋಷಕರು ಒಳಗೆ ಕೂತು ಅಭ್ಯಾಸ ಮಾಡುತ್ತಾರೆಯೇ? ಪ್ರಗತಿಯನ್ನು ಹೇಗೆ ಅಳೆಯುತ್ತಾರೆ? ಈ ವಯಸ್ಸಿನ ರಂಪಕ್ಕೆ ಮಗುವನ್ನು ಮಾತ್ರ ಒಳಗೆ ಕರೆದು ಅಪ್ಪ-ಅಮ್ಮನನ್ನು ಹೊರಗೆ ಕೂರಿಸುವ ಕಡೆ ದುಡ್ಡು ಸುರಿಯಬೇಡಿ, ವಾರದ ಉಳಿದ 167 ಗಂಟೆ ಮಗು ಇರುವುದು ನಿಮ್ಮ ಜೊತೆ. ಪಿಸಿಐಟಿಯಂಥ ಚಿಕಿತ್ಸೆಗೆ ಸಾಮಾನ್ಯವಾಗಿ 12ರಿಂದ 20 ಭೇಟಿ ಬೇಕು. ಮಾತ್ರೆಯ ಪ್ರಶ್ನೆ ಬಂದರೆ, ನಾಲ್ಕೈದು ವರ್ಷದ ಮಗುವಿಗೆ ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಎಂದಾದರೂ ಮೊದಲು ಪೋಷಕರ ತರಬೇತಿ, ಆಮೇಲಷ್ಟೇ ಔಷಧ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ 2019ರ ಮಾರ್ಗಸೂಚಿ ಹೇಳುತ್ತದೆ.

ನಾಲ್ಕನೇ ಮತ್ತು ಎಂಟನೇ ವಾರದಲ್ಲಿ ಮತ್ತೆ ಏಳು ದಿನ ನೋಟ್‌ಬುಕ್ ಬರೆಯಿರಿ. ಎರಡು ಅಂಕಿ ನೋಡಿ: ವಾರಕ್ಕೆ ಎಷ್ಟು ರಂಪ, ಒಂದೊಂದೂ ಎಷ್ಟು ನಿಮಿಷ. ಹೆಚ್ಚಾಗಿ ಮೊದಲು ಇಳಿಯುವುದು ನಿಮಿಷ, ಸಂಖ್ಯೆ ಆಮೇಲೆ. ಜ್ವರ ಬಂದು ಹೋದ ವಾರ, ಊರಿನ ಜಾತ್ರೆಯಿಂದ ವಾಪಸಾದ ವಾರ, ತಮ್ಮನೋ ತಂಗಿಯೋ ಹುಟ್ಟಿದ ತಿಂಗಳು ಅಂಕಿ ಮತ್ತೆ ಏರುತ್ತದೆ. ಆಗ ನಿಯಮ ಬಿಗಿ ಮಾಡುವ ಬದಲು ಐದು ನಿಮಿಷದ ಆಟವನ್ನು ದಿನಕ್ಕೆ ಎರಡು ಸಲ ಮಾಡಿ. ಭಯದ ಮೆಟ್ಟಿಲಿನಲ್ಲಿ ಎರಡು ಹಂತ ಕೆಳಗಿಳಿದು ಅಲ್ಲಿಂದ ಹತ್ತಿಸಿ.